ಮೂಗಿನ ಮೇಲಿನ ಮಚ್ಚೆ

ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ ಬಟ್ಟೆ ಹೊಲಿಯುವವಳಿಗೆ ಪೊರೆಯ ಆಪರೇಷನ್ ಎಂದರೆ ಎದೆ ಡವಡವ. ಸದ್ದಿಲ್ಲದೆ ಜಾಗ ಖಾಲಿ ಮಾಡೋಣವೆಂದು ಚೀಲ ಎತ್ತಿಕೊಂಡಾಗಲೇ ಪಕ್ಕದ ಅಕ್ಕ-ತಮ್ಮನ ಮಾತು ಕಿವಿಗೆ ಬಿತ್ತು. ಅಕ್ಕನ ಕಣ್ಣಿನ ಪಟ್ಟಿಯನ್ನು ಆಗಷ್ಟೇ ಬಿಚ್ಚಿದ್ದರು.

"ಅಕ್ಕಾ, ಈ ಪ್ರಪಂಚ ಎಲ್ಲಾ ಯಾರದೋ ಕಂಪ್ಯೂಟರ್ ಆಟ ಅಂತೆ. ಮೊಬೈಲಲ್ಲಿ ನೋಡ್ದೆ. ಎಲ್ಲಾನೂ ಅದೇ ಬರೆಯೋದಂತೆ."

"ಹಣೆಬರಹ ಅಂತ ಅಮ್ಮ ಕಂಪ್ಯೂಟರ್ ಇಲ್ದೇನೇ ಹೇಳ್ತಿದ್ಲಲ್ಲೋ."

"ಆ ಬರೆಯೋದಲ್ಲ, ಚಿತ್ರ ಬರೆಯೋದು. ನಾವು ನೋಡಿದಾಗ ಮಾತ್ರ ಬರೆಯುತ್ತಂತೆ. ನೋಡದಿದ್ರೆ ಏನೂ ಇರಲ್ಲ."

"ಹಾಗಾದ್ರೆ ನನ್ನ ಕಣ್ಣಿಗೆ ಪೊರೆ ಇದ್ದಷ್ಟು ದಿನ ನಿನ್ನ ಮುಖ ಬರೆಯೋ ಕೆಲಸ ಉಳೀತು ಅದಕ್ಕೆ."

"ನಗಬೇಡ. ನಿಜವಾಗ್ಲೂ ಇದೆಲ್ಲ ಸುಳ್ಳಾಗಿದ್ರೆ?"

ಅಕ್ಕ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಮೂಗಿನ ಮೇಲಿನ ಮಚ್ಚೆಯನ್ನೂ ಮರೀದೆ ಬರೆದಿದ್ದಾನಲ್ಲೋ! ಯಾರಾದ್ರೂ ಆಗಿರಲಿ, ಅವನ ಹೊಟ್ಟೆ ತಣ್ಣಗಿರಲಿ."

ತಮ್ಮ ಎದ್ದು ಕೈ ಚಾಚಿದ.

"ಮೆಟ್ಟಿಲು ಕಾಣ್ತಿದೆ ಕಣೋ," ಎಂದಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ಅವರು ಬಾಗಿಲು ದಾಟುವುದನ್ನು ನೋಡುತ್ತಾ ಹೊಲಿಯುವವಳು ಚೀಲವನ್ನು ಮತ್ತೆ ಬೆಂಚಿನ ಕೆಳಗೆ ಇಟ್ಟಳು.