ಐನೂರು ಬಸ್ಕಿ

ಬೇಡ ಅಕ್ಕ, ಆ ಫ್ಲಾಸ್ಕ್ ಒಳಗೆ ತಗೊಂಡು ಹೋಗ್ಬೇಡ. ಭಾವನಿಗೆ ಈಗ ದಿನಕ್ಕೆ ಎರಡು ಲೋಟ ನೀರು, ಅಷ್ಟೇ. ಒಳಗೆ ಹೋದದ್ದು ಹೊರಗೆ ಬರ್ಬೇಕಲ್ಲ... ಕೂತ್ಕೋ. ಡಯಾಲಿಸಿಸ್ ಮುಗಿಯೋಕೆ ಇನ್ನೂ ಮೂರು ಗಂಟೆ ಇದೆ.

ಏನು ಹಾಗೆ ನೋಡ್ತೀಯ? ಫ್ಲಾಸ್ಕನ್ನಾ? ಹೂಂ, ಈ ದರಿದ್ರ ಫ್ಲಾಸ್ಕಿಗೋಸ್ಕರ! ಪ್ರೆಸ್ಸಿನ ಹುಡುಗರ ಜೊತೆ ಪಂದ್ಯ ಕಟ್ಟಿ ಐನೂರು ಬಸ್ಕಿ! ಹತ್ತು ವರ್ಷದಿಂದ ಕುರ್ಚಿ ಬಿಟ್ಟು ಏಳದ ಪ್ರೂಫ್ ರೀಡರು! ಮೆಟ್ಟಿಲು ಹತ್ತುವಾಗ ಮೆಟ್ಟಿಲಿಗೊಂದು ಕಾಮಾ ಹಾಕೋ ಮನುಷ್ಯ... ನಗು ಬಂತಾ? ನಗು, ಪರವಾಗಿಲ್ಲ. ಗೆದ್ದು ಬಂದ ದಿನ ಎಲ್ಲರೂ ನಕ್ಕಿದ್ವಲ್ಲ. ತೊಡೆ ಹಿಡ್ಕೊಂಡು ಸೋಫಾ ಮೇಲೆ ಬಿದ್ದು, "ಆರತಿ ಎತ್ತೋದಿಲ್ವೇನೇ?" ಅಂತ ನಿನ್ನನ್ನ ಕೇಳಿದ್ರು.

ಡಾಕ್ಟರ್ ಹೇಳಿದ್ದು ಅರ್ಥ ಆಗ್ಲಿಲ್ವಾ? ಹೇಳ್ತೀನಿ. ಸಿಕೆ ಅಂತ ಒಂದಿದೆ. ಮಾಂಸಖಂಡದ ಒಳಗಿರೋದು. ಖಂಡ ಹರಿದ್ರೆ ರಕ್ತಕ್ಕೆ ಸೋರುತ್ತೆ. ನಿನ್ನದು, ನನ್ನದು ಇನ್ನೂರರ ಒಳಗೆ ಇರುತ್ತೆ. ಭಾವನದು... ತೊಂಬತ್ತೆರಡು ಸಾವಿರ. ಹೌದು, ಸಾವಿರ. ನಮ್ಮ ಲ್ಯಾಬಿನ ಮೆಷಿನ್‌ಗೆ ಅಷ್ಟು ಎಣಿಸೋಕೇ ಬರಲ್ಲ, ಸ್ಯಾಂಪಲ್ ತೆಳು ಮಾಡಿ ಮಾಡಿ ನಾನೇ ನೋಡಿದೆ. ಸಿಕೆ ಬರೀ ಸುಳಿವು. ಅದರ ಜೊತೆ ಖಂಡದಿಂದ ಕೆಂಪು ಬಣ್ಣದ್ದೊಂದು ಬರುತ್ತೆ, ಅದು ಹೋಗಿ ಕಿಡ್ನಿಗೆ ಕಚ್ಕೊಳ್ಳುತ್ತೆ.

ಮತ್ತೆ ಕೆಲಸ ಮಾಡುತ್ತಾ ಅಂತ ನನ್ನ ಕೇಳ್ಬೇಡ. ಎಷ್ಟೋ ಜನಕ್ಕೆ ಸರಿಹೋಗುತ್ತಂತೆ. ಹೋಗದೇನೂ ಇರಬಹುದು... ನನಗೇನು ಗೊತ್ತು? ನಾನು ಸೀಸೆ, ನಳಿಗೆ ಹಿಡಿಯೋನು.

ಬೇಗ ಗೊತ್ತಾಗಿದ್ರೆ? ಡ್ರಿಪ್ ಮೇಲೆ ಡ್ರಿಪ್ ಹಾಕಿ ತೊಳೆದುಬಿಡ್ತಿದ್ರು. ಆದ್ರೆ ಯಾರಿಗೆ ಗೊತ್ತಾಗುತ್ತೆ ಹೇಳು? ಮೈಕೈ ನೋವು ಅಂದ್ರೆ ಯಾರು ತಲೆ ಕೆಡಿಸ್ಕೊಳ್ತಾರೆ?

ಬಾಟಲಿ... ಹೂಂ. ಪಂದ್ಯದ ಮಾರನೇ ದಿನ ತಂದಿದ್ದೆ ನೀನು. ಕಪ್ಪು ಚಹಾ ಥರ ಇತ್ತು ಭಾವನ ಮೂತ್ರ. ಡಾಕ್ಟರ್ ಹತ್ರ ಯಾಕೆ, ನಮ್ಮ ತಮ್ಮನೇ ಇದಾನಲ್ಲ ಅಂತ ಸೀದಾ ಲ್ಯಾಬಿನ ಕಿಟಕಿಗೆ. ನೋಡಿದೆ ನಾನು. ಮೈಕ್ರೋಸ್ಕೋಪಲ್ಲಿ ಒಂದೇ ಒಂದು ರಕ್ತದ ಕಣ ಇರ್ಲಿಲ್ಲ, ನಿನ್ನಾಣೆ! ಅದು ನಿಜ...

ಬ್ಯಾಗಿನ ಪಟ್ಟಿ ಯಾಕೆ ತಿರುಚ್ತಿದ್ದೀಯ?

ಬೆಳಿಗ್ಗೆನೂ ಹೀಗೇ ತಿರುಚ್ತಿದ್ದೆ. "ಮುಂಚೆ ಮೂತ್ರ ಪರೀಕ್ಷೆ ಆಗಿತ್ತಾ?" ಅಂತ ಡಾಕ್ಟರ್ ಕೇಳಿದ್ರು. ನಾನು "ಇಲ್ಲ ಸಾರ್" ಅಂದೆ. ನೀನು ಪಕ್ಕದಲ್ಲೇ ನಿಂತಿದ್ದೆ. ತುಟಿ ಬಿಚ್ಚಲಿಲ್ಲ. ಗಾಬರೀಲಿ ಮರೆತಿದ್ದಾಳೆ ಅಂದ್ಕೊಂಡೆ. ಸದ್ಯ, ಅಂತ ಅನ್ನಿಸ್ತು ನನಗೆ! ಥೂ...

ಮರೆತಿರ್ಲಿಲ್ಲ, ಅಲ್ವಾ?

ಕಿಟಕಿಯಲ್ಲಿ ನಿಂತು ನೋಡ್ತಾನೇ ಇದ್ದೆ ನೀನು. ಪರೀಕ್ಷೆ ಪಟ್ಟಿ ಅದ್ದಿದ್ದು... ಹಳದಿ ಚೌಕ ಹಸಿರಾಗಿದ್ದು. ಹಸಿರಾದ್ರೆ ರಕ್ತ ಇದೆ ಅಂತ, ಇಲ್ಲಾ ಖಂಡದ ಆ ಕೆಂಪು ಬಣ್ಣದ್ದು ಇದೆ ಅಂತ. ಪಟ್ಟಿ ಹಸಿರು, ಮೈಕ್ರೋಸ್ಕೋಪಲ್ಲಿ ಕಣ ಇಲ್ಲ ಅಂದ್ರೆ ಖಂಡ ಒಡೆದಿರಬಹುದು. ಓದಿದ್ದೆ ಅಕ್ಕ! ನೀನೇ ಓದಿಸಿದ್ದು! ಪಟ್ಟಿಗಳ ಡಬ್ಬಿಗೆ ಮುಚ್ಚಳ ಹಾಕೋದು ಮರೆತಿದ್ದೆ, ಪಟ್ಟಿ ತೇವ ಹಿಡಿದು ಕೆಟ್ಟಿದೆ ಅಂದ್ಕೊಂಡೆ. ಇನ್ನೊಂದು ಅದ್ದಿದೆ. ಅದೂ ಹಸಿರು. ಹೊಸ ಡಬ್ಬಿ ಬೇಕಂದ್ರೆ ಮೇಲಿನ ಮಹಡಿಗೆ ಹೋಗಿ ಬೀರುವಿನ ಬೀಗದ ಕೈ ತರಬೇಕಿತ್ತು. ಇಪ್ಪತ್ತು ಮೆಟ್ಟಿಲು! ಹೋಗ್ಲಿಲ್ಲ. "ಏನೂ ಇಲ್ಲ ಅಕ್ಕ, ಮಲಗಿ ಎದ್ರೆ ಸರಿಹೋಗ್ತಾರೆ" ಅಂತ ಅಲ್ಲಿಂದಲೇ ಕೂಗಿದೆ. ಎರಡು ದಿನ ಹೋಯ್ತು. ನೀನು ಕಣ್ಣಾರೆ ಹಸಿರು ನೋಡಿದ್ರೂ, ನನ್ನ ಮಾತು ನಂಬಿದೆ.

ಬೆಳಿಗ್ಗೆ ನನ್ನ ಕೆಲಸ ಉಳೀಲಿ ಅಂತ ತಾನೇ ಬಾಯಿ ಮುಚ್ಕೊಂಡಿದ್ದು? ಹೇಳು! ಬೈಯಿ ಅಕ್ಕ... ಒಂದೇಟು ಹಾಕು...

ಏನದು? ಫ್ಲಾಸ್ಕ್ ಯಾಕೆ ತೆಗೀತಿದ್ದೀಯ?

ನನಗಾ?... ಬೇಡ. ಭಾವ ಕುಡಿಯೋ ಹಾಗಿಲ್ಲದ ನೀರು ಅಕ್ಕ ಅದು. ನನಗೆ ಕೊಡಬೇಡ.