ಮಾತ್ಸುಮುರಾ ಸಾಹೇಬ್ರ ಸೌದಾ

ನಗಬ್ಯಾಡಣ್ಣಾ! ನಗೂ ಮಾತಲ್ಲ ಇದು. ಕನ್ನಡಿ ಮುಂದ ಕುಂತು ತುಟಿ ತಿರುವಾಕತ್ತೀನಂತ ಮನ್ಯಾಗ ಹೇಂತಿ ರತ್ನಾಬಾಯಿ ನಕ್ಕಳು, ತಡಕೊಂಡೆ. ನೀ ನನ್ನ ಹಿರಿಯಣ್ಣ, ಈ ಅಂಗಡಿ-ಪೇಢಿಗೆ ಅರ್ಧಾ ಧಣಿ... ನೀನೂ ನಕ್ರ ಹ್ಯಾಂಗ? ಕೂಡು. ಗಾದಿ ಮ್ಯಾಲ ಕೂಡು, ಬಾಗಲದಾಗ ಯಾಕ ನಿಂತಿ?

ಗೊತ್ತೈತಿ, ಗೊತ್ತೈತಿ. ನೀ ಕುಂಭಾರಿ ಊರಾಗಿನ ಮಗ್ಗದ ಕಾರಖಾನಿ ಬಿಟ್ಟು ಬಂದದ್ದು ಅಳತಿ ಕೇಳಾಕ. ಮಗ್ಗದ ಮ್ಯಾಲ ಚಾದರಿನ ಹಾಸುನೂಲು ಐತಿ, ಅದನ್ನ ಕಡದು ಜಪಾನಿ ಸಾಹೇಬ್ರ ಟಾವೆಲ್ಲಿನ ಹಾಸು ಏರಸಬೇಕು. ಅಳತಿ ತಪ್ಪಿತಂದ್ರ ಚಾದರೂ ಇಲ್ಲ, ಟಾವೆಲ್ಲೂ ಇಲ್ಲ. ಎಲ್ಲಾ ಗೊತ್ತೈತಿ ಬಸಣ್ಣಾ. ಹೇಳ್ತೀನಿ. ಮೊದಲ ಸೌದಾ ಹ್ಯಾಂಗ ಕುದುರಿತು ಅದನ್ನ ಕೇಳು.

ಸೊಲ್ಲಾಪುರದಾಗ ಟಾವೆಲ್ ವ್ಯಾಪಾರಿಗಳಿಗೇನು ಬರ ಬಿದ್ದೈತೇನು? ಸಾಹೇಬ ಎಲ್ಲಾರ ಅಂಗಡಿ ಹತ್ತಿ ಇಳದ. ಯಾರರೆ ಅವನ ಹೆಸರು ನೆಟ್ಟಗ ಕರದ್ರೇನು? ಒಬ್ಬಾವ ಮಸಮುರಾ ಅಂದ. ಒಬ್ಬಾವ ಮಟ್ಟಸುಮಾರಾ ಅಂದ. ನಾ ಅಂದೆ, ಮಾತ್ಸುಮುರಾ! ಆ 'ತ್ಸು' ಐತಲ್ಲ, ಅದರ ಸಲುವಾಗಿ ಜಪಾನಿ ಕಲಸೂ ಪುಸ್ತಕದಾಗ ಒಂದು ಪುಟ ತುಂಬ ಬರದಾರ. ಪುಣೇದ ಫುಟ್‌ಪಾಥಿನ ಮ್ಯಾಲ, ಸಾಹೇಬ ಬರೂ ಸುದ್ದಿ ಕೇಳಿ ಕೊಂಡ ಪುಸ್ತಕ, ಇಂಗ್ಲಿಷ್ ಮಂದಿ ಸಲುವಾಗಿ ಬರದದ್ದು. ನಮಗ ಯಾಕ ಬೇಕು ಅಷ್ಟ ಪುರಾಣ? ಮರಾಠಿ ಮಂದಿ 'ಚಾಂಗಲಾ' ಅನ್ನೂವಾಗ ಹಲ್ಲಿನ ಸಂದ್ಯಾಗಿಂದ ಚ ಬರತೈತಲ್ಲ, ಅದೇ ಅದು! ಹುಟ್ಟಿದಾಗಿಂದ ನಮ್ಮ ಬಾಯಾಗ ಬಿದ್ದೈತಿ, ಪುಕಟ.

ಜೋಡಕ್ಷರಕ್ಕಂತೂ ಆ ಇಂಗ್ಲಿಷ್ ಮಂದಿ ಅಳ್ತಾರ. ಉಸಿರು ಹಿಡೀರಿ, ನಿಂದರ್ರಿ, ಆಮ್ಯಾಲ ಬಿಡ್ರಿ... ಏ, ನಮ್ಮ ಕೂಸು ಸೈತ ಅಪ್ಪಾ, ಅಕ್ಕಾ ಅಂತ ಬಾಯಿ ತಗೀತೈತಿ!

ತ್ರಾಸ ಕೊಟ್ಟದ್ದು ರ. ಜಪಾನಿಯವರ ರ, ರನೂ ಅಲ್ಲ, ಲನೂ ಅಲ್ಲ. ಅಮೇರಿಕಾದವ್ರು 'ವಾಟರ್'ದಾಗಿನ ಟ ಅಂದಂಗ ಅನ್ರಿ ಅಂತೈತಿ ಪುಸ್ತಕ. ನಾ ಯಾವ ಅಮೇರಿಕಾದವಗ ನೀರು ಕೊಡಾಕ ಹೋಗಿದ್ದೆ? ಕಡೀಕ ನಾನೇ ಹಾದಿ ಹುಡುಕಿದೆ. 'ಗಾಡಿ' ಅನ್ನು. ಅನ್ನಣ್ಣಾ, ಯಾರೂ ಇಲ್ಲ... ಹಾಂ. ನಾಲಿಗಿ ಮ್ಯಾಲಕ್ಕ ಒಮ್ಮೆ ತಟ್ಟಿ ಇಳೀತಲ್ಲ? ಅದನ್ನ ಒಂಚೂರು ಹಲ್ಲಿನ ಕಡೆ ಸರಸು. ಇನ್ನೊಂಚೂರು... ಬಿಡು, ನಿನ್ನ ಬಾಯಾಗ ತಂಬಾಕ ಐತಿ.

'ಫು' ಬ್ಯಾರೆ. ಹಲ್ಲು ತುಟಿಗೆ ತಾಗಬಾರದು. ರತ್ನಾಬಾಯಿ ಒಲಿ ಊದೂದು ನೋಡಿ ಕಲತೆ. ಎಲ್ಲಾದ್ಕಿಂತ ಹಟಮಾರಿ ಕಡೀ ಉಕಾರ. ಬರಿಯೂದು 'ದೆಸು', ಅನ್ನೂದು 'ದೆಸ್'. ತುಟಿ ಉ ಅಂತೈತಿ, ಗಂಟಲ ಸುಮ್ನಿರಬೇಕು. ನಾವೋ ಬಸ್ಸು, ಲೈಟು, ಬಿಲ್ಲು ಅಂತ ಎಲ್ಲಾದಕ್ಕೂ ಬಾಲ ಹಚ್ಚಾವ್ರು! ಬಾಂಗ್ಲಾ ಯುದ್ಧದ ವರ್ಷ ಕೊಂಡ ಟ್ರಾನ್ಸಿಸ್ಟರ್ ಐತಲ್ಲ, ಅದಕ್ಕ ಕಿವಿ ಹಚ್ಚಿ ನಸುಕಿನ್ಯಾಗ ಜಪಾನ್ ಸ್ಟೇಷನ್ ಕೇಳಿ ಕೇಳಿ, ಆ ಬಾಲ ಕತ್ತರಸೂದ್ರಾಗ ನನ್ನ ದೀಪಾವಳಿ ಹೋತು.

ಅಳತಿ? ಹೇಳ್ತೀನಿ ಅಂದ್ನಲ್ಲ. ಅವಸರ ಯಾಕ?

ಇವತ್ತ ಮುಂಜಾನಿ ಸಾಹೇಬ ಬಂದ. ಸಂಗಾತ ದುಭಾಷಿ ಅಣ್ಣಾರಾಯ, ನಮ್ಮ ಅಕ್ಕಲಕೋಟಿಯಾಂವ, ಪುಣೇದಾಗ ಜಪಾನಿ ಕಲತಾನ. ನಾ ಬಾಗಿ, ಅವರ ನಮಸ್ಕಾರ, 'ಹಜಿಮೆಮಾಶ್ತೆ' ಅಂದೆ. ಶಿ ಅಲ್ಲ, ಶ್. ಸಾಹೇಬ ಕಣ್ಣು ಅಗಲ ಮಾಡಿದ. 'ಕಲ್ಯಾಣಪ್ಪ ದೆಸ್' ಅಂದೆ. ಅಣ್ಣಾರಾಯ ಬಾಯಿ ತೆರದಾವ ಮುಚ್ಚಲಿಲ್ಲ! ಅವಗ ಹೇಳಿದೆ, ತಮ್ಮಾ, ಊರು ಹತ್ತರ ಐತಿ, ಅಕ್ಕಲಕೋಟಿಗೆ ಹೋಗಿ ನಿಮ್ಮ ಅವ್ವನ ಮಾರಿ ನೋಡಿ ಬಾ. ಸಂಜೀಕ ಮುಂಬೈ ಗಾಡಿ ಹೊತ್ತಿಗೆ ಸ್ಟೇಷನ್ನಾಗ ಸಾಹೇಬ್ರನ್ನ ಕೂಡು, ಇಲ್ಲೆ ನಾ ಅದೀನಿ, ಅಂತ... ಯಾಕ ಹಣಿ ತಿಕ್ಕೋತಿ? ನಡುವಿನ ಮನಶ್ಯಾ ಕಮ್ಮಿ ಆದಷ್ಟೂ ವ್ಯಾಪಾರ ಸ್ವಚ್ಛ.

ಆಮ್ಯಾಲ ಸಾಹೇಬ ಸುರು ಮಾಡಿದ ನೋಡು! ಅಲ್ಲೀತನಕ ಹರಕು ಮುರಕು ಇಂಗ್ಲಿಷ್ ಆಡ್ತಿದ್ದಾವ, ನನ್ನ ಉಚ್ಚಾರ ಕೇಳಿ ಇಂಗ್ಲಿಷ್ ಬಿಟ್ಟೇ ಬಿಟ್ಟ. ಟಾವೆಲ್ ಹಿಚುಕಿದ, ಮೂಸಿದ, ತಂಬಿಗಿ ನೀರಾಗ ಅದ್ದಿದ, ಅಂಚು ಜಗ್ಗಿದ, ಮಾತಾಡಿದ, ಮಾತಾಡಿದ, ಮಾತಾಡಿದ... ನಾ ನಡನಡುವ 'ನಾರುಹೊದೋ' ಅಂದೆ. ರ ಎಷ್ಟ ಚಂದ ಕುಂತಿತು ಅಂತಿ! ... ಅಂದ್ರ? ಅಂದ್ರ, ನಾವು 'ಹೌದ್ಹೌದು' ಅಂತೀವಲ್ಲ, ಹಂಗ. ಕಡೀಕ ಏನೋ ಕೇಳಿದ. ಮತ್ತೊಮ್ಮೆ ಕೇಳಿದ. 'ಹಾಯ್' ಅಂದೆ, ಅಂದ್ರ ಹೂಂ. ಖುಷಿಯಾದ.

ಕಾಗದ ತಗದ, ಪೆನ್ನು ತಗದ. ಬ್ಯಾಡಂತ ಕೈ ಮಾಡಿ ಎಲಿ-ಅಡಿಕಿ ತಾಟು ಮುಂದ ಸರಸಿದೆ. ಅಪ್ಪಾರ ಕಾಲದಿಂದ ಈ ಗಾದಿ ಮ್ಯಾಲ ಎಲಿ ಕೊಟ್ಟು ತಗೊಂಡ್ರ ಸೌದಾ ಮುಗೀತು. ಬರದು ಕೊಡ್ರಿ ಅಂದ್ರ ನಂಬಿಕಿ ಇಲ್ಲಂದಂಗ. ಸಾಹೇಬ ಎಲಿ ತಗೊಂಡ, ಸುಣ್ಣ ಹಚ್ಚಿದ್ದನ್ನೂ ಅಗದ, ಕಣ್ಣಾಗ ನೀರು ತಂದ, ಬಾಗಿದ, ಹೋದ. ಪಕ್ಕಾ!

ಏನು? ಅಗಲ? ಅಗಲ... ಕೈ ಹಿಂಗ ಮಾಡಿದ್ದ. ಅಲ್ಲ, ಹಿಂಗ. ಅದು ಉದ್ದ ಇರಬೇಕು. ಬಣ್ಣ? ಬಣ್ಣದ್ದೂ ಹೇಳಿದ. ಎಲ್ಲಾ ಹೇಳಿದಣ್ಣಾ, ಒಂದೂ ಬಿಡಲಿಲ್ಲ. ಬಾಳ ಸ್ವಚ್ಛ ಮಾತಾಡ್ತಾನ, ಒಂದೊಂದು ಅಕ್ಷರ ಬ್ಯಾರೆ ಬ್ಯಾರೆ ಕೇಳಸ್ತಿತ್ತು.

ಅರ್ಥ?

ನೋಡು, ಪುಸ್ತಕದಾಗ ಮೊದಲನೇ ಭಾಗ ಉಚ್ಚಾರ. ಪಾಯಾ ಗಟ್ಟಿ ಮಾಡದ ಗ್ವಾಡಿ ಎಬ್ಬಸೂದು ನಮ್ಮ ಪದ್ಧತಿ ಅಲ್ಲ. ಎರಡನೇ ಭಾಗದಾಗ ಮಾತು ಬರ್ತಾವ. ಅದು ಇನ್ನೂ... ಮುಂದಿನ ದೀಪಾವಳಿಗೆ...

ಯಾಕ ಹಂಗ ನೋಡ್ತಿ? ... ಬಸಣ್ಣಾ? ಬೈಯರೆ ಬೈ. ಎದ್ದು ಎಲ್ಲಿ ಹೊಂಟಿ?

ಹಾಸು ಕಡೀಬ್ಯಾಡ. ಚಪ್ಪಲಿ ಮೆಟ್ಟು, ಟಾಂಗಾ ಕರೀತೀನಿ. ಅಣ್ಣಾರಾಯ ಇಷ್ಟೊತ್ತಿಗೆ ಸ್ಟೇಷನ್ನಿಗೆ ಬಂದಿರ್ತಾನ. ನೀ ಒಳಗ ಹೋಗು, ಅವನ್ನ ಸಾಹೇಬ್ರ ಮುಂದ ನಿಂದ್ರಸಿ ಅಗಲ, ಉದ್ದ, ಬಣ್ಣ ಎಲ್ಲಾ ಕೇಳ್ಕೊಂಡು ಬಾ. ನಾ ಹೊರಗ ಟಾಂಗಾದಾಗೇ ಕುಂಡರ್ತೀನಿ. ನನ್ನ ಮಾರಿ ಕಂಡ್ರ ಸಾಹೇಬ ಅಣ್ಣಾರಾಯನ್ನ ಬಿಟ್ಟು ಮತ್ತ ನನ್ನ ಜೋಡಿ ಮಾತಾಡಾಕ ಹತ್ತತಾನ.