ಬಾಕಿ ಒಂದು

ಸಭೆಯ ಅಧ್ಯಕ್ಷರೂ ಕುರೋಸೆ ಮೋಟಾರ್ ಕಂಪನಿಯ ಮೂರನೆಯ ತಲೆಮಾರಿನ ಯಜಮಾನರೂ ಆದ ಕುರೋಸೆಯವರೇ, ವೇದಿಕೆಯ ಮೇಲೆ ಕೂರಲು ಸುತಾರಾಂ ಒಪ್ಪದೆ ಮೂರನೆಯ ಸಾಲಿನಲ್ಲಿ ಕುಳಿತು ತಮ್ಮ ಚಪ್ಪಲಿಯನ್ನೇ ನೋಡಿಕೊಳ್ಳುತ್ತಿರುವ ಇಂದಿನ ಮುಖ್ಯ ಅತಿಥಿ ಶ್ರೀಮತಿ ಉಸುಯಿ ಸುಮಿಯೆಯವರೇ, ನನ್ನನ್ನು ಈ ಭಾಷಣಕ್ಕೆ ತಳ್ಳಿ ಈಗಾಗಲೇ ಕೈಗಡಿಯಾರ ನೋಡಲು ಶುರುಮಾಡಿರುವ ನನ್ನ ವಿಭಾಗದ ಮುಖ್ಯಸ್ಥ ತೊಗಾಶಿಯವರೇ, ಊಟದ ಪರಿಮಳ ಬಂದರೂ ಕುರ್ಚಿ ಬಿಡದೆ ಕುಳಿತಿರುವ ಧೀರ ಸಭಿಕರೇ,

ಈಗಷ್ಟೇ ನಾವೊಂದು ಐತಿಹಾಸಿಕ ದೃಶ್ಯವನ್ನು ಕಂಡೆವು. ಯಜಮಾನರು ಖುದ್ದಾಗಿ ಏಣಿ ಹತ್ತಿದರು. ಏಣಿಯನ್ನು ನಾಲ್ವರು ನಿರ್ದೇಶಕರು ಹಿಡಿದುಕೊಂಡರು. ಅಷ್ಟು ಮಂದಿ ಹಿಡಿದುಕೊಂಡಿದ್ದರಿಂದಲೇ ಅದು ಅಷ್ಟೊಂದು ಅಲುಗಾಡಿತೆಂದು ನನ್ನ ನಮ್ರ ಅಭಿಪ್ರಾಯ. ಕಾರ್ಖಾನೆಯ ಮುಂಬಾಗಿಲಿನ ಮೇಲೆ ಹತ್ತೊಂಬತ್ತು ವರ್ಷ ತೂಗುತ್ತಿದ್ದ ಮರದ ಹಲಗೆ ಕೆಳಗಿಳಿಯಿತು. ಅದರ ಮೇಲೆ ಬರೆದಿದ್ದು ಎರಡೇ ಪದ: 'ಬಾಕಿ ಒಂದು'. ಆ ಬಾಕಿಯನ್ನು ತೀರಿಸಿದವನು ನಾನು ಎಂದು ಕಾರ್ಯಕ್ರಮದ ಪತ್ರಿಕೆಯಲ್ಲಿ ಅಚ್ಚಾಗಿದೆ. ಸಭಿಕರೇ, ಅಚ್ಚಾದದ್ದೆಲ್ಲ ನಿಜವೇ? ಸ್ವಲ್ಪ ತಾಳಿ.

ಮೊದಲು ಕಂಪನಿಯ ಇತಿಹಾಸ. ನಮ್ಮಲ್ಲಿ ಯಾರೇ ಮೈಕಿನ ಮುಂದೆ ನಿಂತರೂ ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಊಟ ಬಡಿಸುವುದಿಲ್ಲ. ನಮ್ಮ ಸ್ಥಾಪಕರು ಮೀನಿನ ಬುಟ್ಟಿ ಸಾಗಿಸುವ ಸೈಕಲ್ ಗಾಡಿ ಮಾಡುತ್ತಿದ್ದವರು. ಯುದ್ಧ ಮುಗಿದ ಮೇಲೆ ಅದಕ್ಕೊಂದು ಇಂಜಿನ್ ಕೂರಿಸಿ ಮೂರು ಚಕ್ರದ ಟ್ರಕ್ಕು ಮಾಡಿದರು. ಅದು ತಿರುವಿನಲ್ಲಿ ಮಗುಚಿಕೊಳ್ಳುತ್ತಿದ್ದುದರಿಂದ ನಾಲ್ಕನೆಯ ಚಕ್ರ ಕಂಡುಹಿಡಿದರು. ಕೊನೆಗೆ ಬಂದದ್ದು ನಮ್ಮ ಹೆಮ್ಮೆಯ ಪುಟ್ಟ ಕಾರು 'ಸುಜುಮೆ', ಅಂದರೆ ಗುಬ್ಬಚ್ಚಿ. ಗುಬ್ಬಚ್ಚಿಯ ಕೀರ್ತಿ ಏನು? ಅದು ವೇಗವಾಗಿ ಹೋಗುತ್ತದೆಂದು ಯಾರೂ ಹೇಳಿದ್ದಿಲ್ಲ. ಚೆನ್ನಾಗಿದೆಯೆಂದು ಯಾರೂ ಹೇಳಿದ್ದಿಲ್ಲ. ಹಿಮದಲ್ಲಿ ಬೆಳಿಗ್ಗೆ ಕೀಲಿ ತಿರುಗಿಸಿದರೆ ಇಲ್ಲವೆನ್ನುವುದಿಲ್ಲ ಎಂದು ಮಾತ್ರ ಎಲ್ಲರೂ ಹೇಳಿದರು. ಆ ಒಂದು ಮಾತಿನ ಮೇಲೆ ಈ ಕಾರ್ಖಾನೆ ನಿಂತಿದೆ.

ಆಮೇಲೆ ಆ ಮಾತಿಗೆ ಪೆಟ್ಟು ಬಿತ್ತು. ಸುಜುಮೆಯ ಚಾಲಕನ ಸೀಟು ಹಿಂದೆ ಮುಂದೆ ಜಾರುವ ಕಂಬಿಯಿದೆಯಲ್ಲ, ಅದರ ಹಲ್ಲುಗಳು ಸವೆದು, ಏರಿನಲ್ಲಿ ಸೀಟು ತಾನಾಗಿ ಹಿಂದಕ್ಕೆ ಜಾರುತ್ತದೆಂದು ಗೊತ್ತಾಯಿತು. ಒಬ್ಬ ಅಂಚೆಯವನ ಮೊಣಕಾಲಿಗೆ ಪೆಟ್ಟಾಯಿತು. ಆಗಿನ ಯಜಮಾನರು ಅವನ ಮನೆಗೆ ಹೋಗಿ ಹಣೆ ನೆಲಕ್ಕೆ ಮುಟ್ಟಿಸಿ ಕ್ಷಮೆ ಕೇಳಿದರು. ಆಮೇಲೆ ಅಷ್ಟೂ ಗಾಡಿಗಳನ್ನು, ನಲವತ್ತೊಂದು ಸಾವಿರದ ಮುನ್ನೂರ ಆರು ಗಾಡಿಗಳನ್ನು, ವಾಪಸು ಕರೆಸಿ ಕಂಬಿ ಬದಲಾಯಿಸಿಕೊಡುವುದೆಂದು ಸಾರಿದರು. ಒಂದು ವರ್ಷದೊಳಗೆ ನಲವತ್ತೊಂದು ಸಾವಿರದ ಮುನ್ನೂರ ಐದು ಬಂದವು.

ಬಾರದೆ ಉಳಿದದ್ದು ತಾಕಿನೋಸಾವಾ ಬೆಟ್ಟದ ಮೇಲೆ ಕೋಳಿ ಸಾಕಿಕೊಂಡಿದ್ದ ಉಸುಯಿಯವರ ಗಾಡಿ. ಅದು ಶೆಡ್ಡಿನಲ್ಲಿ ನಿಂತಿತ್ತು, ಓಡುತ್ತಿರಲಿಲ್ಲ. ಆದರೆ ಅವರು ನೋಂದಣಿ ರದ್ದು ಮಾಡಿಸಿರಲಿಲ್ಲ, ಆದ್ದರಿಂದ ನಮ್ಮ ಪಾಲಿಗೆ ಅದು ಜೀವಂತ. ಪ್ರತಿವರ್ಷ ಶರತ್ಕಾಲದಲ್ಲಿ ನಮ್ಮ ಒಬ್ಬ ನೌಕರ ಕಪ್ಪು ಸೂಟು ತೊಟ್ಟು, ಸಿಹಿತಿಂಡಿಯ ಪೆಟ್ಟಿಗೆ ಹಿಡಿದು ಬೆಟ್ಟ ಹತ್ತುವುದು, ಬಾಗಿಲಲ್ಲಿ ಬಾಗುವುದು, "ದಯವಿಟ್ಟು ಕಂಬಿ ಬದಲಾಯಿಸಲು ಅಪ್ಪಣೆ ಕೊಡಿ" ಎನ್ನುವುದು. ಆಕೆ ಸಿಹಿ ತೆಗೆದುಕೊಂಡು ಚಹಾ ಕೊಟ್ಟು, "ಈ ವರ್ಷ ಬೇಡಪ್ಪ" ಎಂದು ಇಪ್ಪತ್ತು ಮೊಟ್ಟೆ ಕಟ್ಟಿಕೊಟ್ಟು ಕಳಿಸುವುದು. ಕಾರಣಗಳೂ ನಮ್ಮ ಕಡತದಲ್ಲಿವೆ. ಒಮ್ಮೆ ಕೋಳಿಗಳಿಗೆ ಗಾಬರಿಯಾಗುತ್ತದೆ. ಒಮ್ಮೆ ದಿನ ಚೆನ್ನಾಗಿಲ್ಲ. ಒಮ್ಮೆ, ತೊಗಾಶಿಯವರು ಹೋದಾಗ, "ಬಂದವನ ಮುಖ ನೋಡಿದರೆ ಸ್ಕ್ರೂ ಕಳೆಯುವವನ ಹಾಗಿದೆ." ಹತ್ತೊಂಬತ್ತು ವರ್ಷಗಳಲ್ಲಿ ಈ ಸಭೆಯ ಎಷ್ಟು ಮಂದಿ ಆ ಮೊಟ್ಟೆ ತಿಂದಿದ್ದಾರೆ? ಕೈ ಎತ್ತುವುದು ಬೇಡ, ಯಜಮಾನರೇ. ಮೊದಲ ಸಲ ಹೋದ ತರುಣ ತಾವೇ ಎಂದೂ, ವಾಪಸು ಬರುವಾಗ ರೈಲಿನಲ್ಲಿ ಎಂಟು ಮೊಟ್ಟೆಗಳ ಮೇಲೆ ಕುಳಿತುಬಿಟ್ಟಿರೆಂದೂ ಕಡತ ಹೇಳುತ್ತದೆ.

ಈ ವರ್ಷ ಆ ಪುಣ್ಯ ನನಗೆ ಬಂದದ್ದು ಯೋಗ್ಯತೆಯಿಂದಲ್ಲ. ಬೆಳಗಿನ ಕವಾಯತಿನ ಸಂಗೀತವನ್ನು ಯಾರೋ ಒಬ್ಬರು ನಾಲ್ಕು ಪಟ್ಟು ನಿಧಾನ ಮಾಡಿಟ್ಟಿದ್ದು ನಿಮಗೆ ನೆನಪಿರಬಹುದು. ಮೇಲೆತ್ತಿದ ಕೈಯನ್ನು ಇಳಿಸುವ ತಾಳ ಬಾರದೆ ಎರಡು ಸಾವಿರ ಮಂದಿ ಅಂಗಳದಲ್ಲಿ ಹಾಗೇ ನಿಂತಿದ್ದರು. ಒಬ್ಬರೂ ಕೈ ಇಳಿಸಲಿಲ್ಲ. ಈ ಕಂಪನಿಯ ಶಿಸ್ತಿನ ಬಗ್ಗೆ ನನಗೆ ಅಂದು ಹುಟ್ಟಿದಷ್ಟು ಗೌರವ ಬೇರೆಂದೂ ಹುಟ್ಟಿಲ್ಲ. ಮರುದಿನ ತೊಗಾಶಿಯವರು ನನ್ನನ್ನು ಕರೆದರು.

"ಕಜಾಮಾ, ನಿಂಗೆ ತಲೆ ಬಗ್ಸೋದು ಗೊತ್ತೇನೋ?"

"ಗೊತ್ತು ಸಾರ್."

"ಸುಳ್ಳು. ಹೋಗಿ ಬೆಟ್ಟದ ಮೇಲೆ ಕಲ್ತು ಬಾ."

ಹಾಗೆ ಹೋದೆ. ಬಾಗಿದೆ. ಸಿಹಿ ಕೊಟ್ಟೆ. ಉಸುಯಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ವರ್ಷ ವರ್ಷ ಚಿಕ್ಕೋರನ್ನ ಕಳಿಸ್ತಿದ್ದಾರಲ್ಲ. ಮುಂದಿನ ಸಲ ತೊಟ್ಲು ತರ್ತಾರೋ ಏನೋ. ನೀನೇನು ತಪ್ಪು ಮಾಡ್ದೆ?"

ತಪ್ಪು ಮಾಡಿದವರನ್ನೇ ಕಳಿಸುತ್ತಾರೆಂಬುದು ಆಕೆಗೆ ಗೊತ್ತಿತ್ತು! ನಾನು ಕವಾಯತಿನ ಕಥೆ ಹೇಳಿದೆ. ಆಕೆ ನಕ್ಕ ನಗುವಿಗೆ ಕೋಳಿಗಳಿಗೆ ನಿಜಕ್ಕೂ ಗಾಬರಿಯಾಯಿತು. ಆ ಧೈರ್ಯದಲ್ಲಿ ನಾನು, "ಅಮ್ಮಾವ್ರೇ, ಕಂಬಿ ಮಾತು ಬಿಡಿ. ನಾನು ಸುಜುಮೆನ ಫೋಟೋದಲ್ಲಿ ಬಿಟ್ಟು ನೋಡೇ ಇಲ್ಲ. ಒಂದ್ಸಲ ತೋರಿಸ್ತೀರಾ?" ಎಂದೆ. ಆಕೆ ಕೈ ಒರೆಸಿಕೊಂಡು ಎದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಕಂಪನಿಯವನಿಗೆ ಆ ಶೆಡ್ಡಿನ ಬಾಗಿಲು ತೆರೆಯಿತು.

ಕೆನೆ ಬಣ್ಣದ ಗಾಡಿ. ಒಂದೂ ಕಲೆಯಿಲ್ಲ. "ಕೂತ್ಕೊಳ್ಲಾ?" ಎಂದೆ. "ಹುಂ, ಕೂತ್ಕೋ, ಏನಾಗುತ್ತೆ" ಎಂದರು. ಕುಳಿತೆ.

ಇಲ್ಲಿ ನಾನು ಕಾರ್ಖಾನೆಯ ಹೊರಗಿನ ಅತಿಥಿಗಳಿಗೆ ಒಂದು ವಿಷಯ ತಿಳಿಸಬೇಕು. ಆ ಕಂಬಿಯ ಅವಮಾನದ ನಂತರ ನಮ್ಮಲ್ಲಿ ಒಂದು ನಿಯಮ ಬಂತು. ಯಾರೇ ಆಗಲಿ, ಗಾಡಿಯೊಳಗೆ ಕುಳಿತ ಕೂಡಲೇ ಮೊದಲು ಸೀಟನ್ನು ಜಾರಿಸಿ 'ಟಕ್' ಎಂದು ಹಲ್ಲು ಕಚ್ಚುವುದನ್ನು ಕೇಳಬೇಕು. ಕನ್ನಡಿ ಆಮೇಲೆ, ಬೆಲ್ಟು ಅದರ ಆಮೇಲೆ. ಲೈನಿನಲ್ಲಿ ದಿನಕ್ಕೆ ಇನ್ನೂರು ಗಾಡಿಗಳಲ್ಲಿ ಹೀಗೆ ಮಾಡಿ ಮಾಡಿ ನಮ್ಮ ಎಡಗೈ ನಮ್ಮ ಮಾತು ಕೇಳುವುದಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಅದು ಸೀಟಿನ ಕೆಳಗೆ ಹೋಗುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಸೋಫಾದ ಕೆಳಗೂ ನನ್ನ ಕೈ ಹೋಗಿತ್ತು. ಆ ಸಂಬಂಧ ಕೂಡಿಬರಲಿಲ್ಲ. ಕಾರಣ ಅದೊಂದೇ ಎಂದು ನಂಬಿಕೊಂಡಿದ್ದೇನೆ.

ಉಸುಯಿಯವರ ಗಾಡಿಯಲ್ಲಿ ಕುಳಿತೆ. ಕಾಲು ಪೆಡಲಿಗೆ ಎಟುಕಲಿಲ್ಲ. ಎಡಗೈ ಕೆಳಗೆ ಹೋಯಿತು. ಸೀಟು ಸರ್ರನೆ ಮುಂದಕ್ಕೆ ಬಂತು. ಟಕ್.

"ಏನ್ ಮಾಡ್ದೆ?"

ಆಕೆ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಸೀಟು... ಅಭ್ಯಾಸ, ಅಮ್ಮಾವ್ರೇ."

"ಎಲ್ಲಿತ್ತು ಅದು? ಮೊದ್ಲು ಎಲ್ಲಿತ್ತು?"

ಆಗ ಗೊತ್ತಾಯಿತು. ಆ ಸೀಟನ್ನು ಕೊನೆಗೆ ಸರಿಸಿದವರು ಅವರ ಪತಿ ಶಿಗೆಹಾರು. ಒಂದು ದಿನ ಹೋಟೆಲುಗಳಿಗೆ ಮೊಟ್ಟೆ ಕೊಟ್ಟು ಬಂದು, ಗಾಡಿ ನಿಲ್ಲಿಸಿ, ಕೈಕಾಲು ತೊಳೆದು, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಮ್ಮ ಪತ್ರ ತಲುಪಿದ್ದು ಅವರು ತೀರಿಹೋದ ನಲವತ್ತೊಂಬತ್ತನೆಯ ದಿನದ ಪೂಜೆಯ ಮಾರನೆಯ ದಿನ. ಕಂಬಿ ಬದಲಾಯಿಸಬೇಕೆಂದರೆ ಸೀಟು ಕಳಚಬೇಕು. ಬಟ್ಟೆಗಳನ್ನು ಹಂಚಿದ್ದರು, ಷೂ ಹಂಚಿದ್ದರು. ಅಷ್ಟು ಎತ್ತರದ ಮನುಷ್ಯ ಕುಳಿತ ಜಾಗ ಮಾತ್ರ ಕುಳಿತ ಹಾಗೇ ಉಳಿದಿತ್ತು. ನಮ್ಮ ಕಂಪನಿಯ ಹತ್ತೊಂಬತ್ತು ಸೂಟುಗಳಿಂದ ಆಕೆ ಅದನ್ನು ಕಾಪಾಡಿಕೊಂಡಿದ್ದರು. ಇಪ್ಪತ್ತನೆಯ ಸೂಟು ಅದನ್ನು ಒಂದು ಗಳಿಗೆಯಲ್ಲಿ ಅಳಿಸಿಹಾಕಿತು.

ಸಭಿಕರೇ, ಆ ಕಂಬಿಗೆ ಹನ್ನೊಂದು ಹಲ್ಲು. ಯಾವುದೋ ಒಂದಕ್ಕೆ ಸೀಟು ತಳ್ಳಿ "ಇಲ್ಲೇ ಇತ್ತು, ನಂಗೆ ಚೆನ್ನಾಗಿ ನೆನಪಿದೆ" ಎಂದಿದ್ದರೆ ಆಕೆ ನಂಬುತ್ತಿದ್ದರು. ಎರಡು ಸಾವಿರ ಜನರಿಗೆ ಕೈ ಎತ್ತಿಸಿದವನಿಗೆ ಅದೊಂದು ಸುಳ್ಳು ಕಷ್ಟವೇ? ಬಾಯಿ ತೆರೆದೆ. ಆಕೆ ನನ್ನ ಬಾಯನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ, ಅಮ್ಮಾವ್ರೇ. ನಾನು ನೋಡ್ಲೇ ಇಲ್ಲ" ಎಂದೆ. ತಲೆ ಬಗ್ಗಿಸಿದೆ. ಬಗ್ಗಿಸಬೇಕೆಂದು ಬಗ್ಗಿಸಿದ್ದಲ್ಲ, ತಾನಾಗಿ ಬಗ್ಗಿತು.

ಆಮೇಲೆ ತೊಗಾಶಿಯವರಿಗೆ ಫೋನು ಮಾಡಿದೆ. ಅವರು ಒಂದು ನಿಮಿಷ ಬೈದರು. ಆ ಭಾಗವನ್ನು ಹಿರಿಯರಿರುವ ಸಭೆಯಲ್ಲಿ ಬಿಡುತ್ತೇನೆ. ಆಮೇಲೆ ಕೇಳಿದರು: "ಕನ್ನಡಿ ಮುಟ್ಟಿದ್ಯೇನೋ?"

"ಇಲ್ಲ ಸಾರ್, ಅಷ್ಟೊತ್ತಿಗೆ..."

"ಹಾಗಾದ್ರೆ ಕನ್ನಡಿ ಇನ್ನೂ ಅವರದೇ. ಅವರ ಕಣ್ಣಿಗೆ ತಿರುಗಿಸಿಟ್ಟಿದ್ದು. ಒಂದೊಂದೇ ಹಲ್ಲಿಗೆ ಹೋಗು. ಎಲ್ಲಿ ಹಿಂದಿನ ಗಾಜು ಪೂರ್ತಿ ಕಾಣುತ್ತೋ ಅದೇ ಜಾಗ. ಕನ್ನಡಿಗೆ ಕೈ ತಗಲಿಸಿದ್ರೆ ಕಾರ್ಖಾನೆಗೆ ಬರ್ಬೇಡ!"

ಉಸುಯಿಯವರು, "ನಿನಗಿಂತ ಒಂದು ಮುಷ್ಟಿ ಎತ್ತರ" ಎಂದು ಮನೆಯಿಂದ ದಿಂಬು ತಂದು ಮಡಿಚಿ ಕೊಟ್ಟರು. ದಿಂಬಿನ ಮೇಲೆ ಕುಳಿತು ಹಿಂದಿನ ಹಲ್ಲಿನಿಂದ ಶುರುಮಾಡಿದೆ. ಹನ್ನೊಂದರಿಂದ ಒಂದರವರೆಗೆ ಬಂದೆ. ಯಾವ ಹಲ್ಲಿನಲ್ಲೂ ಹಿಂದಿನ ಗಾಜು ಕಾಣಲಿಲ್ಲ. ಅದರ ಒಂದು ಮೂಲೆ ಕಂಡರೆ ಹೆಚ್ಚು. ಆ ಮನುಷ್ಯ ಹಿಂದೆ ಬರುವ ಗಾಡಿಗಳನ್ನು ನೋಡುತ್ತಲೇ ಇರಲಿಲ್ಲ!

ನನ್ನ ಬೆವರು ನೋಡಿ ಆಕೆಗೇ ಏನೋ ಹೊಳೆಯಿತು.

"ಅಯ್ಯೋ, ಅವರು ಮೊಟ್ಟೆ ನೋಡ್ತಿದ್ರು ಕಣೋ. ನಾನು ಹಿಂದೆ ಕೂತು ಟ್ರೇ ತೊಡೆ ಮೇಲೆ ಇಟ್ಕೋತಿದ್ದೆ. ಕೆಳಗೆ ಹೋಟೆಲ್‌ಗಳಿಗೆ ಹಾಕೋಕೆ ಹೋಗ್ವಾಗ ತಿರುವಿಗೊಂದ್ಸಲ ಕನ್ನಡೀಲಿ ನೋಡೋರು. ಒಂದಿನ ಕೇಳ್ದೆ, ಏನು ನೋಡ್ತೀರಿ ಅಂತ. 'ಮೊಟ್ಟೆ' ಅಂದ್ರು. ಹದಿನಾರು ವರ್ಷ. ಕನ್ನಡೀಲಿ ಅವರ ಕಣ್ಣು ಕಾಣಿಸ್ದಾಗೆಲ್ಲ ನಾನು ಟ್ರೇನ ಬಿಗಿಯಾಗಿ ಹಿಡ್ಕೋತಿದ್ದೆ."

ಹೋಗಿ ಮೂವತ್ತು ಮೊಟ್ಟೆಯ ಟ್ರೇ ತಂದು, ಹಿಂದಿನ ಸೀಟಿನಲ್ಲಿ ತಮ್ಮ ಜಾಗದಲ್ಲಿ ಕುಳಿತು, ತೊಡೆಯ ಮೇಲಿಟ್ಟುಕೊಂಡರು. ನಾನು ಮತ್ತೆ ಹನ್ನೊಂದರಿಂದ ಹೊರಟೆ. ಟಕ್. ಮೊಟ್ಟೆ ಇಲ್ಲ, ಬಾಗಿಲಿನ ಹಿಡಿ. ಟಕ್. ಮೊಟ್ಟೆ ಇಲ್ಲ, ಆಕೆಯ ಭುಜ. ಟಕ್. ಕಿವಿ. ಟಕ್. ಕೆನ್ನೆ. ಟಕ್.

"ನಿಲ್ಲು."

ನಿಲ್ಲಿಸಿದೆ.

"ಇಲ್ಲೇ. ನಿನ್ನ ಎರಡೂ ಕಣ್ಣು ಕಾಣ್ತಿದೆ. ಹೀಗೇ ಕಾಣ್ತಿತ್ತು."

ಏಳನೆಯ ಹಲ್ಲು. ನಾನು ಅಲುಗಾಡಲಿಲ್ಲ. ಉಸಿರನ್ನೂ ಬಿಡಲಿಲ್ಲ.

"ಮೊಟ್ಟೆ ಕಾಣ್ತಾವಾ?" ಎಂದರು.

"ಇಲ್ಲ, ಅಮ್ಮಾವ್ರೇ."

"ಒಂದೂ?"

"ಒಂದೂ ಇಲ್ಲ. ಟ್ರೇ ಅಂಚೂ ಕಾಣಲ್ಲ."

"ಮತ್ತೇನು ಕಾಣುತ್ತೆ?"

"ನೀವು. ನಿಮ್ಮ ಮುಖ ಅಷ್ಟೇ."

ನಾನು ತಿರುಗಿ ನೋಡಬಾರದೆಂದು ಮುಂದೆ ನೋಡಿದೆ. ಮುಂದೆ ನೋಡಿದರೆ ಕನ್ನಡಿ, ಕನ್ನಡಿಯಲ್ಲಿ ಮತ್ತೆ ಅವರೇ. ಎಲ್ಲಿ ನೋಡುವುದು? ಕಣ್ಣು ಮುಚ್ಚಿಕೊಂಡೆ.

"ನಲವತ್ತೆರಡು ತಿರುವಿನ ಘಾಟಿ ಅದು" ಎಂದು ಕೊನೆಗೆ ಆಕೆಯ ದನಿ ಬಂತು. "ಹಾಗಾದ್ರೆ ರಸ್ತೆ ಯಾರು ನೋಡ್ತಿದ್ರು, ಆ ಪುಣ್ಯಾತ್ಮ!"

ಅತ್ತರೋ ನಕ್ಕರೋ ನನಗೆ ತಿಳಿಯದು. ಟ್ರೇಯ ಮೊಟ್ಟೆಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಸದ್ದು ನಿಂತ ಮೇಲೆ ಹೇಳಿದರು: "ಕಂಬಿ ಬದಲಾಯಿಸಪ್ಪ. ಏಳನೇದು ಅಂತ ಬರ್ಕೋ. ಕನ್ನಡಿ ಮಾತ್ರ ಮುಟ್ಬೇಡ."

ಮಾನ್ಯ ಅಧ್ಯಕ್ಷರೇ, ನನ್ನ ವರದಿಯಲ್ಲಿ 'ಕೆಲಸ ಸುಗಮವಾಗಿ ಮುಗಿಯಿತು' ಎಂದು ಬರೆದಿದ್ದೇನೆ. ಅದು ಸುಳ್ಳು. ಇವತ್ತು ಇದನ್ನು ಹೇಳಬೇಕೆಂದು ಬಂದವನಲ್ಲ. ಎರಡು ತಮಾಷೆ ಮಾಡಿ ಇಳಿಯುವುದೆಂದು ಬಂದವನು. ಬೆಳಿಗ್ಗೆ ಬಾಗಿಲಲ್ಲಿ ಉಸುಯಿಯವರು ಸಿಕ್ಕಿ, "ಎಲ್ಲಾ ಹೇಳು. ನಂಗೆ ಹೇಳ್ಕೊಳ್ಳೋಕೆ ಯಾರೂ ಸಿಕ್ಕಿಲ್ಲ, ಇಷ್ಟು ಜನ ಸೇರಿದ್ದಾರಲ್ಲ" ಎಂದರು. ಅದಕ್ಕಾಗಿ ಹೇಳಿದೆ. ವರದಿಯನ್ನು ತಿದ್ದಲು ತಮ್ಮ ಅಪ್ಪಣೆ ಬೇಡುತ್ತೇನೆ, ಶಿಕ್ಷೆ ಏನಿದ್ದರೂ ಸ್ವೀಕರಿಸುತ್ತೇನೆ.

ಏಣಿ ಹಿಡಿದ ನಾಲ್ವರಿಗೂ, ಫೋನಿನಲ್ಲಿ ಬೈದು ದಾರಿ ತೋರಿಸಿದ ತೊಗಾಶಿಯವರಿಗೂ, ಹಸಿದುಕೊಂಡು ಕೇಳಿದ ನಿಮಗೂ ನನ್ನ ಕೃತಜ್ಞತೆ. ಕೊನೆಯದಾಗಿ, ಈ ಸಭೆಗೆ ಬರಲಾಗದ ಉಸುಯಿ ಶಿಗೆಹಾರು ಅವರಿಗೆ. ಸ್ವಾಮಿ, ಚಾಲಕನ ಸೀಟಿನಲ್ಲಿ ಕುಳಿತವರು ಹೇಗೆ ನೋಡಬೇಕೆಂದು ನಮ್ಮ ತರಬೇತಿ ಪುಸ್ತಕದಲ್ಲಿ ಮೂರು ಪುಟಗಳಿವೆ. ತಾವು ಅದರಲ್ಲಿ ಒಂದು ಸಾಲನ್ನೂ ಪಾಲಿಸಿದವರಲ್ಲ. ಕುರೋಸೆ ಮೋಟಾರ್ ಕಂಪನಿಯ ಪರವಾಗಿ, ತಲೆಬಾಗಿ, ತಮಗೆ ನಮಸ್ಕಾರ. ಮೂರನೆಯ ಸಾಲಿನವರಿಗೂ ನಮಸ್ಕಾರ.